ಓಣಿಯ ನಾಯಿ ಯಾರದು?

ಸಂಜೆ ಏಳರ ಹೊತ್ತಿಗೆ ಬೈಲಹೊಂಗಲದ ಯಾವುದಾದರೂ ಬಡವರ ಓಣಿಯಲ್ಲಿ ಒಮ್ಮೆ ಹಾದು ಬನ್ನಿ. ಹೊಲದ ಕೂಲಿಯಿಂದ ಬಂದ ಹೆಣ್ಣುಮಕ್ಕಳು ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿರುತ್ತಾರೆ. ಹೊಸ್ತಿಲಿನ ಆಚೆ ನಾಯಿಯೊಂದು ಮುಂಗಾಲ ಮೇಲೆ ಮೋರೆಯಿಟ್ಟು ಕಾಯುತ್ತಿರುತ್ತದೆ. ಕೊನೆಯ ರೊಟ್ಟಿಯ ಚೂರು ತನಗೆಂದು ಅದಕ್ಕೂ ಗೊತ್ತು, ಮನೆಯವರಿಗೂ ಗೊತ್ತು. "ಈ ನಾಯಿ ನಿಮ್ಮದೇನ್ರಿ ಅಕ್ಕಾರ?" ಎಂದು ಕೇಳಿ ನೋಡಿ. "ನಮ್ದಲ್ರಿ, ಓಣ್ಯಾಗಿಂದು" ಎಂಬ ಉತ್ತರ ಬರುತ್ತದೆ. ಅದೇ ನಾಯಿ ನಾಳೆ ಪಕ್ಕದ ಮನೆಯ ಹುಡುಗನ ಮೀನಖಂಡಕ್ಕೆ ಬಾಯಿ ಹಾಕಿತೆನ್ನಿ. ಆಗಲೂ ಅದೇ ಉತ್ತರ. "ನಮ್ದಲ್ರಿ."

ರೊಟ್ಟಿ ಹಾಕುವಾಗ ಎಲ್ಲರದು, ಕಚ್ಚಿದಾಗ ಯಾರದೂ ಅಲ್ಲ. ನಮ್ಮ ಬೀದಿ ನಾಯಿಗಳ ಸಮಸ್ಯೆಯ ಬೇರು ಇರುವುದು ಈ ಒಂದು ಮಾತಿನಲ್ಲಿ ಎಂಬುದು ನನ್ನ ಅಭಿಪ್ರಾಯ. "ಎಲ್ಲ ನಾಯಿಗಳನ್ನೂ ಹಿಡಿದು ಹೊರಗೆ ಹಾಕಿ" ಎನ್ನುವವರೂ "ನಾಯಿಯ ತಂಟೆಗೆ ಹೋಗಬೇಡಿ" ಎನ್ನುವವರೂ ಬಹುಮಟ್ಟಿಗೆ ಗಟ್ಟಿ ಗೋಡೆ, ಗೇಟು ಇರುವ ಮನೆಗಳಲ್ಲಿ ವಾಸಿಸುವವರು. ನಾಯಿಯ ಜೊತೆ ಹಗಲಿರುಳು ಬದುಕುವ ಬಡ ಕುಟುಂಬಗಳನ್ನು ಯಾರೂ ಕೇಳುವುದಿಲ್ಲ. ಈ ವಾರ ಅವರ ಕಡೆಯಿಂದ ವಿಚಾರ ಮಾಡೋಣ.

ಬಡವನ ಬಾಗಿಲಿಗೆ ಕಾವಲು

ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದಲ್ಲಿ ನಾಯಿ ಹೊಸದಾಗಿ ಬಂದ ಪ್ರಾಣಿಯಲ್ಲ. ಕುರಿಗಾರನಿಗೆ ನಾಯಿಯಿಲ್ಲದೆ ಹಟ್ಟಿಯಿಲ್ಲ, ತೋಳ ಬಂದರೆ ಮೊದಲು ಎದ್ದು ನಿಲ್ಲುವುದು ಅದೇ. ನೆರೆಯ ಮುಧೋಳದ ಬೇಟೆ ನಾಯಿ ದೇಶಕ್ಕೆಲ್ಲ ಹೆಸರುವಾಸಿ. ಮೈಲಾರಲಿಂಗನ ಭಕ್ತರಾದ ಗೊರವರು ಜಾತ್ರೆಯಲ್ಲಿ ತಾವೇ ದೇವರ ನಾಯಿಗಳಾಗಿ ದೋಣಿಯಲ್ಲಿ ಊಟ ಮಾಡುವ ಆಚರಣೆಯನ್ನು ಹಿರಿಯರು ಬಲ್ಲರು. ಇಂಥ ನಾಡಿನಲ್ಲಿ ನಾಯಿಯನ್ನು ಕಂಡರೆ ಕಲ್ಲು ಎತ್ತುವ ಕೈ ಇರುವಂತೆಯೇ ರೊಟ್ಟಿ ಒಗೆಯುವ ಕೈಯೂ ಇದೆ.

ಭಕ್ತಿಯ ಮಾತು ಬಿಡಿ, ಲೆಕ್ಕದ ಮಾತಿಗೆ ಬರೋಣ. ಕದಕ್ಕೆ ಸರಿಯಾದ ಅಗುಳಿಯಿಲ್ಲದ ಮನೆ. ಅಂಗಳದಲ್ಲಿ ಕಟ್ಟಿದ ಎರಡು ಆಡು, ನಾಲ್ಕು ಕೋಳಿ. ರಾಮದುರ್ಗದ ನೇಕಾರನಾದರೆ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ, ಮೂಲೆಯಲ್ಲಿ ನೂಲು. ಕಬ್ಬಿನ ಸುಗ್ಗಿಯಲ್ಲಿ ಬೇರೆ ಊರುಗಳಿಂದ ಬಂದು ಹೊಲದ ಬದಿಯಲ್ಲಿ ಗುಡಿಸಲು ಹಾಕುವ ಕಟಾವಿನ ಗ್ಯಾಂಗಿನವರಿಗಾದರೆ ಕದವೇ ಇಲ್ಲ. ಇವರಿಗೆಲ್ಲ ಒಂದು ರೊಟ್ಟಿಯ ಖರ್ಚಿನಲ್ಲಿ ಸಿಗುವ ರಾತ್ರಿ ಕಾವಲುಗಾರ ಎಂದರೆ ಓಣಿಯ ನಾಯಿ. ಪರಸ್ಥಳದವರು ಬಂದರೆ ಬೊಗಳುತ್ತದೆ, ಹಾವು ಕಂಡರೆ ಸದ್ದು ಮಾಡುತ್ತದೆ, ಹೊತ್ತಲ್ಲದ ಹೊತ್ತಿನಲ್ಲಿ ಹೊರಕಡೆಗೆ ಹೋಗುವ ಹೆಣ್ಣುಮಕ್ಕಳ ಹಿಂದೆ ಹೋಗಿ ಬರುತ್ತದೆ. ಈ ಉಪಕಾರವನ್ನು ಮರೆತು ಮಾಡುವ ಯಾವ ಯೋಜನೆಯೂ ಓಣಿಯಲ್ಲಿ ನಡೆಯುವುದಿಲ್ಲ. ನಾಯಿ ಹಿಡಿಯುವ ಗಾಡಿ ಬಂದಾಗ ಅದನ್ನು ಕೋಣೆಯೊಳಗೆ ಬಚ್ಚಿಡುವವರೂ ಇವರೇ.

ಕಚ್ಚುವುದೂ ಅವರಿಗೇ

ಆದರೆ ನಾಣ್ಯಕ್ಕೆ ಇನ್ನೊಂದು ಬದಿ ಉಂಟು. ನಾಯಿಯಿಂದ ಹೆಚ್ಚು ಉಪಕಾರ ಪಡೆಯುವವರೇ ಅದರಿಂದ ಹೆಚ್ಚು ಕಚ್ಚಿಸಿಕೊಳ್ಳುತ್ತಾರೆ. ಬೆಳಗಿನ ಜಾವ ಕೆಲಸಕ್ಕೆ ನಡೆದು ಹೋಗುವವರು, ಹೊರಗೆ ಮಲಗುವವರು, ಬೀದಿಯಲ್ಲೇ ಆಡುವ ಮಕ್ಕಳು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2022-23ರಲ್ಲಿ 15 ರಾಜ್ಯಗಳಲ್ಲಿ ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ವರ್ಷಕ್ಕೆ ಸುಮಾರು 91 ಲಕ್ಷ ಜನರಿಗೆ ಪ್ರಾಣಿಗಳು ಕಚ್ಚುತ್ತವೆ. ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ನಾಯಿಯದು. ಹುಚ್ಚುನಾಯಿ ರೋಗದಿಂದ, ಅಂದರೆ ರೇಬೀಸ್‌ನಿಂದ, ವರ್ಷಕ್ಕೆ ಸುಮಾರು 5,700 ಮಂದಿ ಸಾಯುತ್ತಾರೆ. 2003ರಲ್ಲಿ ನಡೆದ ಇನ್ನೊಂದು ಸಮೀಕ್ಷೆಯಲ್ಲಿ ಈ ಸಂಖ್ಯೆ 20 ಸಾವಿರದಷ್ಟಿತ್ತು. ಕಡಿಮೆಯಾಗಿದೆ, ಸಂತೋಷ. ಆದರೆ ಕೈಯಲ್ಲಿ ಔಷಧಿ ಇದ್ದೂ ಸಂಭವಿಸುವ ಸಾವು ಒಂದಾದರೂ ಹೆಚ್ಚೇ. ಮತ್ತೆ, 2003ರ ಸಮೀಕ್ಷೆಯಲ್ಲಿ ಸತ್ತವರಲ್ಲಿ ಬಹುಪಾಲು ಬಡವರೂ ಕಡಿಮೆ ಆದಾಯದವರೂ ಆಗಿದ್ದರು ಎಂಬುದನ್ನು ಮರೆಯುವಂತಿಲ್ಲ.

ಈ ರೋಗದ ವೈರಾಣು ಹುಚ್ಚು ಹಿಡಿದ ಪ್ರಾಣಿಯ ಜೊಲ್ಲಿನಲ್ಲಿರುತ್ತದೆ. ಗಾಯದ ಮೂಲಕ ಒಳಹೊಕ್ಕು ನರದ ದಾರಿ ಹಿಡಿದು ನಿಧಾನವಾಗಿ ಮಿದುಳಿನತ್ತ ಸಾಗುತ್ತದೆ. ಸಾಮಾನ್ಯವಾಗಿ ಇದಕ್ಕೆ ಒಂದರಿಂದ ಮೂರು ತಿಂಗಳು ಬೇಕು, ಕೆಲವೊಮ್ಮೆ ಒಂದು ವಾರ ಸಾಕು, ಅಪರೂಪಕ್ಕೆ ವರ್ಷವೂ ಆಗಬಹುದು. ಮುಖ, ತಲೆ, ಕುತ್ತಿಗೆ, ಕೈಬೆರಳುಗಳಿಗೆ ಕಚ್ಚಿದರೆ ದಾರಿ ಹತ್ತಿರ, ಅಪಾಯ ಬೇಗ. ಮಕ್ಕಳ ಎತ್ತರವೇ ನಾಯಿಯ ಬಾಯಿಯ ಎತ್ತರ. ಆದ್ದರಿಂದ ಅವರಿಗೆ ಗಾಯ ಆಗುವುದೂ ಮುಖ, ಕೈಗಳಿಗೇ ಹೆಚ್ಚು. ವೈರಾಣು ಮಿದುಳು ಸೇರಿ ನೀರು ಕಂಡರೆ ಬೆದರುವ, ಗಾಳಿ ಸೋಕಿದರೆ ಗಂಟಲು ಬಿಗಿಯುವ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಯಾವ ದೊಡ್ಡ ಆಸ್ಪತ್ರೆಯಲ್ಲೂ ಇದಕ್ಕೆ ಚಿಕಿತ್ಸೆಯಿಲ್ಲ. ಅದಕ್ಕೆ ಮೊದಲು ಮಾತ್ರ ಪೂರ್ತಿ ತಡೆಯಬಹುದು. 1885ರ ಜುಲೈ 6ರಂದು ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್ ಒಂಬತ್ತು ವರ್ಷದ ಹುಡುಗನೊಬ್ಬನಿಗೆ ಲಸಿಕೆ ಕೊಡಿಸಿ ಉಳಿಸಿದ ದಿನದಿಂದ ಈ ದಾರಿ ತೆರೆದಿದೆ.

"ಬರೀ ಹಲ್ಲ ತಾಗೇತ್ರಿ"

ದವಾಖಾನೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತುಕತೆ ಹೀಗಿರುತ್ತದೆ.

"ಯಾವಾಗ ಕಚ್ಚಿತು ತಾಯಿ?"

"ಕಚ್ಚಿಲ್ರಿ ಸಾಹೇಬ್ರ, ಬರೀ ಹಲ್ಲ ತಾಗೇತ್ರಿ. ನಾಕ ದಿನ ಆತು."

"ಗಾಯಕ್ಕೆ ಏನು ಹಚ್ಚಿದಿರಿ?"

"ಖಾರದ ಪುಡಿ ಒತ್ತೇವ್ರಿ. ಮ್ಯಾಲ ಸುಣ್ಣ ಹಚ್ಚೇವಿ."

ಈ ನಾಲ್ಕು ಸಾಲುಗಳಲ್ಲಿ ಮೂರು ತಪ್ಪುಗಳಿವೆ. ಮೊದಲನೆಯದು, ರಕ್ತ ಬರದಿದ್ದರೂ ಹಲ್ಲು ತಾಗಿ ಚರ್ಮ ತರಚಿದ್ದರೆ ಅದು ಕಚ್ಚಿದಂತೆಯೇ ಲೆಕ್ಕ, ಲಸಿಕೆ ಬೇಕು. ಒಡೆದ ಚರ್ಮವನ್ನು ನಾಯಿ ನೆಕ್ಕಿದರೂ ಅಷ್ಟೇ. ಎರಡನೆಯದು, ನಾಲ್ಕು ದಿನ ಕಾಯಬಾರದು. ಕಚ್ಚಿದ ದಿನವೇ ಹೋಗಬೇಕು. ತಡವಾಗಿದ್ದರೆ "ಇನ್ನೇನು ಪ್ರಯೋಜನ" ಎಂದು ಮನೆಯಲ್ಲಿ ಕೂಡದೆ ಆಗಲಾದರೂ ಹೋಗಬೇಕು. ಮೂರನೆಯದು ಖಾರ, ಸುಣ್ಣ, ಎಣ್ಣೆ, ಅರಿಶಿನ, ಕಾಫಿ ಪುಡಿ ಇತ್ಯಾದಿ. ಇವು ಗಾಯವನ್ನು ಕೆದಕುತ್ತವೆಯೇ ಹೊರತು ವೈರಾಣುವನ್ನು ಕೊಲ್ಲುವುದಿಲ್ಲ. ಕೊಲ್ಲುವುದು ಸಾಬೂನು. ಬಟ್ಟೆ ತೊಳೆಯುವ ಸಾಬೂನಾದರೂ ಸರಿ, ಹರಿಯುವ ನೀರಿನಲ್ಲಿ ಗಡಿಯಾರ ನೋಡಿ 15 ನಿಮಿಷ ಗಾಯ ತೊಳೆಯಿರಿ. ನಲ್ಲಿಯಿಲ್ಲದಿದ್ದರೆ ಒಬ್ಬರು ಚರಿಗೆಯಿಂದ ನೀರು ಸುರಿಯಿರಿ, ಇನ್ನೊಬ್ಬರು ತೊಳೆಯಿರಿ. ಇಡೀ ಚಿಕಿತ್ಸೆಯಲ್ಲಿ ಕಾಸಿನ ಖರ್ಚಿಲ್ಲದ ಭಾಗ ಇದು. ಹೆಚ್ಚು ಜನ ಬಿಟ್ಟುಬಿಡುವ ಭಾಗವೂ ಇದೇ.

ಇನ್ನು ಸೂಜಿಯ ಭಯ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಹೆದರಿಕೆ ಇನ್ನೂ ಹೋಗಿಲ್ಲ. ಅದು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಹಳೆಯ ಲಸಿಕೆಯ ಕಥೆ. 2004ರ ಕೊನೆಗೆ ಅದರ ತಯಾರಿಕೆ ನಮ್ಮ ದೇಶದಲ್ಲಿ ನಿಂತುಹೋಯಿತು. ಈಗ ಸರಕಾರಿ ಆಸ್ಪತ್ರೆಗಳಲ್ಲಿ ತೋಳಿನ ಚರ್ಮದೊಳಗೆ ಚಿಕ್ಕ ಚುಚ್ಚುಮದ್ದು ಕೊಡುತ್ತಾರೆ. ಮೊದಲ ದಿನ, ನಂತರ 3ನೇ, 7ನೇ ಮತ್ತು 28ನೇ ದಿನ. ಒಟ್ಟು ನಾಲ್ಕು ಭೇಟಿ. ದೊಡ್ಡ ಸ್ನಾಯುವಿನೊಳಗೆ ಕೊಡುವ ಕ್ರಮವಾದರೆ ಐದು. ಗಾಯ ಆಳವಾಗಿದ್ದು ರಕ್ತ ಬಂದಿದ್ದರೆ ಇದರ ಜೊತೆಗೆ ಗಾಯದೊಳಕ್ಕೇ ರೇಬೀಸ್ ಸೀರಂ ಕೊಡಬೇಕು. ಲಸಿಕೆ ಮೈಯಲ್ಲಿ ಶಕ್ತಿ ಹುಟ್ಟಿಸಲು ಒಂದೆರಡು ವಾರ ಹಿಡಿಯುತ್ತದೆ, ಅಲ್ಲಿಯವರೆಗೆ ಕಾಯುವುದು ಸೀರಂ. "ಸೀರಂ ಬೇಕೇ?" ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ. ಗಾಯಕ್ಕೆ ಕೂಡಲೇ ಹೊಲಿಗೆ ಹಾಕಿಸಲು ಅವಸರ ಮಾಡಬೇಡಿ. ಬಸುರಿಯರು, ಬಾಣಂತಿಯರು, ಹಸುಗೂಸುಗಳು ಯಾರಿಗಾದರೂ ಈ ಲಸಿಕೆ ಕೊಡಬಹುದು. ಬದನೆಕಾಯಿ, ಮೊಟ್ಟೆ, ಮಾಂಸ ಬಿಡಬೇಕೆಂಬ ಪಥ್ಯವೇನೂ ಇಲ್ಲ.

ಲಸಿಕೆ ಉಚಿತ, ದಿನಗೂಲಿ ಉಚಿತವಲ್ಲ

"ಸರಕಾರ ಉಚಿತವಾಗಿ ಕೊಟ್ಟರೂ ಜನ ಪೂರ್ತಿ ಸೂಜಿ ಹಾಕಿಸಿಕೊಳ್ಳುವುದಿಲ್ಲ" ಎಂದು ದೂರುವವರಿದ್ದಾರೆ. ಮೇಲೆ ಹೇಳಿದ ಸಮೀಕ್ಷೆಯಲ್ಲೂ ನಾಯಿ ಕಚ್ಚಿದವರಲ್ಲಿ ಸುಮಾರು ಐದರಲ್ಲಿ ಒಬ್ಬರು ಒಂದು ಸೂಜಿಯನ್ನೂ ಪಡೆದಿರಲಿಲ್ಲ. ಇದನ್ನು ಬರೀ ಅಜ್ಞಾನ ಎಂದು ತಳ್ಳಿಹಾಕುವುದು ಸರಿಯಲ್ಲ. ಹಳ್ಳಿಯ ಕೂಲಿ ಹೆಣ್ಣುಮಗಳು ಮಗುವನ್ನು ಕರೆದುಕೊಂಡು ತಾಲೂಕಿನ ದವಾಖಾನೆಗೆ ನಾಲ್ಕು ಸಲ ಬರಬೇಕೆಂದರೆ ನಾಲ್ಕು ದಿನದ ಪಗಾರ ಹೋಯಿತು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನ ಟಿಕೆಟು ಉಳಿದಿದೆ, ಕೂಲಿ ಉಳಿದಿಲ್ಲ. ಮೂರು ಸೂಜಿ ಆದ ಮೇಲೆ ಗಾಯ ಮಾಯ್ದಿರುತ್ತದೆ, ಮಗು ಆಡುತ್ತಿರುತ್ತದೆ. 28ನೇ ದಿನ ಮರೆತುಹೋಗುತ್ತದೆ. ಕಬ್ಬಿನ ಗ್ಯಾಂಗಿನವರಾದರೆ ಅಷ್ಟರಲ್ಲಿ ಬೇರೆ ಊರಿನ ಹೊಲದಲ್ಲಿರುತ್ತಾರೆ.

ಇದಕ್ಕೆ ಪರಿಹಾರ ಬೈಗುಳವಲ್ಲ. ಲಸಿಕೆ ಮತ್ತು ಸೀರಂ ಎರಡೂ ಜನರ ಹತ್ತಿರದ ಆರೋಗ್ಯ ಕೇಂದ್ರದಲ್ಲಿ, ಬೆಳಗಿನ ಹೊತ್ತು ಮತ್ತು ಸಂಜೆಯ ಹೊತ್ತು ಸಿಗುವಂತಾಗಬೇಕು. ಆಶಾ ಕಾರ್ಯಕರ್ತೆಯರ ವಹಿಯಲ್ಲಿ ಬಸುರಿಯರ ತಾರೀಖು ಬರೆದಿರುವಂತೆ ನಾಯಿ ಕಚ್ಚಿದವರ ತಾರೀಖೂ ಇರಬೇಕು. ಓದುಗರೂ ಒಂದು ಮಾತು ನೆನಪಿಡಬೇಕು. ಒಂದು ಸೂಜಿ ತಪ್ಪಿದರೆ ಮೊದಲಿನಿಂದ ಶುರು ಮಾಡಬೇಕಿಲ್ಲ, ಉಳಿದದ್ದನ್ನು ಆದಷ್ಟು ಬೇಗ ಮುಂದುವರಿಸಿದರಾಯಿತು. ಚೀಟಿ ಜೋಪಾನವಾಗಿದ್ದರೆ ಯಾವ ಊರಿನ ಸರಕಾರಿ ದವಾಖಾನೆಯಲ್ಲೂ ಮುಂದಿನ ಸೂಜಿ ಹಾಕಿಸಿಕೊಳ್ಳಬಹುದು. ಹೊಲದ ಮಾಲೀಕರು, ಮುಕಾದಮರು ಆ ನಾಲ್ಕು ದಿನದ ಕೂಲಿ ಹಿಡಿಯದಿದ್ದರೆ ಒಂದು ಜೀವ ಉಳಿಸಿದ ಪುಣ್ಯ ಬರುತ್ತದೆ.

ತಾಯತ ಏಕೆ "ಫಲಿಸುತ್ತದೆ"?

"ನಮ್ಮ ಊರಾಗ ಒಬ್ಬರು ಬೇರು ಕೊಡ್ತಾರ್ರಿ, ಇದುವರೆಗೂ ಒಬ್ರೂ ಸತ್ತಿಲ್ಲ" ಎನ್ನುವವರು ಪ್ರತಿ ಊರಲ್ಲೂ ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಲೆಕ್ಕ ತಪ್ಪಿದ್ದಾರೆ. ಕಚ್ಚುವ ನಾಯಿಗಳಲ್ಲಿ ಹೆಚ್ಚಿನವಕ್ಕೆ ಹುಚ್ಚು ಇರುವುದಿಲ್ಲ. ಹೆದರಿ, ಮರಿಗಳನ್ನು ಕಾಯಲು, ಬಾಲ ತುಳಿದಾಗ ಕಚ್ಚಿರುತ್ತವೆ. ಇಂಥ ನಾಯಿ ಕಚ್ಚಿದವರು ಬೇರು ತಿಂದರೂ ಬದುಕುತ್ತಾರೆ, ತಿನ್ನದಿದ್ದರೂ ಬದುಕುತ್ತಾರೆ. ಶ್ರೇಯಸ್ಸು ಮಾತ್ರ ಬೇರಿಗೆ ಹೋಗುತ್ತದೆ. ನಿಜವಾದ ಹುಚ್ಚು ನಾಯಿ ಕಚ್ಚಿದ ದಿನ ಅದೇ ನಂಬಿಕೆ ಜೀವ ತೆಗೆಯುತ್ತದೆ. ತಾಯತ ಕಟ್ಟಿಸಲೇಬೇಕೆಂದರೆ ಕಟ್ಟಿಸಿ. ಆದರೆ ಮೊದಲು ಸಾಬೂನು, ಆಮೇಲೆ ಸೂಜಿ, ಕೊನೆಗೆ ತಾಯತ.

ಕೊಂದರೆ ಕಡಿಮೆಯಾಗುವುದೇ?

ಮಗುವಿಗೆ ಕಚ್ಚಿದ ಸಿಟ್ಟಿನಲ್ಲಿ ಜನ ನಾಯಿಯನ್ನು ಬಡಿದು ಕೊಲ್ಲುವುದುಂಟು. ಆ ತಂದೆ ತಾಯಿಯ ಸಂಕಟ ಅರ್ಥವಾಗುವಂಥದು. ಆದರೂ ವೈದ್ಯಕೀಯ ದೃಷ್ಟಿಯಿಂದ ಇದರಿಂದ ನಷ್ಟವೇ ಹೆಚ್ಚು. ಕಚ್ಚಿದ ನಾಯಿ ಅಥವಾ ಬೆಕ್ಕು ಹತ್ತು ದಿನ ಆರೋಗ್ಯವಾಗಿ ಬದುಕಿದರೆ ಕಚ್ಚಿದ ಹೊತ್ತಿನಲ್ಲಿ ಅದರ ಜೊಲ್ಲಿನಲ್ಲಿ ರೋಗವಿರಲಿಲ್ಲ ಎಂದು ತಿಳಿಯುತ್ತದೆ. ಹಾಗೆಂದು ಹತ್ತು ದಿನ ಕಾದು ಲಸಿಕೆ ಶುರು ಮಾಡಬಾರದು, ಲಸಿಕೆ ಕೂಡಲೇ ಶುರುವಾಗಬೇಕು. ನಾಯಿಯ ಮೇಲೆ ಕಣ್ಣಿಟ್ಟರೆ ಮುಂದಿನದನ್ನು ವೈದ್ಯರು ನಿರ್ಧರಿಸಬಹುದು. ಗುರುತಿನ ನಾಯಿ, ಓಣಿಯ ನಾಯಿ ಆಗಿದ್ದರೆ ಮಾತ್ರ ಇದು ಸಾಧ್ಯ. ಕೊಂದ ನಾಯಿ ಯಾವ ಸಾಕ್ಷಿಯನ್ನೂ ಹೇಳದು.

ಇನ್ನು ಊರಿಗೆ ಊರೇ ನಾಯಿಗಳನ್ನು ಕೊಲ್ಲುವ ಮಾತು. ಮದ್ರಾಸ್ ನಗರದಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ನಾಯಿಗಳನ್ನು ಹಿಡಿದು ಕೊಂದರೂ ನಾಯಿಗಳು ಮುಗಿಯಲಿಲ್ಲ. 1996ರಲ್ಲಿ ಆ ಪದ್ಧತಿ ಬಿಟ್ಟು ಸಂತಾನಹರಣ ಶಸ್ತ್ರಚಿಕಿತ್ಸೆಗೆ ಬಂದರು. ಕಾರಣ ಸರಳ. ಹೆಣ್ಣುನಾಯಿ ಎರಡು ತಿಂಗಳಲ್ಲಿ ಈಯುತ್ತದೆ, ಒಂದು ಸೂಲಿಗೆ ನಾಲ್ಕಾರು ಮರಿ. ಓಣಿಯಲ್ಲಿ ತಿನ್ನಲು ಸಿಗುವವರೆಗೆ ಖಾಲಿಯಾದ ಜಾಗಕ್ಕೆ ಬೇರೆ ನಾಯಿ ಬಂದೇ ಬರುತ್ತದೆ. ಬರುವ ನಾಯಿ ಅಪರಿಚಿತ, ಲಸಿಕೆಯಿಲ್ಲದ್ದು, ಹೆದರಿದ್ದು.

ಹಾಗಾದರೆ ದಾರಿ ಯಾವುದು? ದೂರ ಹೋಗಬೇಕಿಲ್ಲ. ನಮ್ಮ ಜಿಲ್ಲೆಯ ಗಡಿ ದಾಟಿದರೆ ಗೋವಾ. ಅಲ್ಲಿ ಸರಕಾರ ಮತ್ತು ಸ್ವಯಂಸೇವಾ ಸಂಸ್ಥೆ ಸೇರಿ 2014ರ ಹೊತ್ತಿನಿಂದ ವರ್ಷ ವರ್ಷವೂ ಓಣಿ ಓಣಿಗೆ ಹೋಗಿ ನಾಯಿಗಳಿಗೆ ಲಸಿಕೆ ಹಾಕಿದರು, ಶಾಲೆಗಳಲ್ಲಿ ಮಕ್ಕಳಿಗೆ ತಿಳಿಹೇಳಿದರು. 2017ರ ನಂತರ ಹಲವು ವರ್ಷ ಅಲ್ಲಿ ಒಬ್ಬ ಮನುಷ್ಯನೂ ಈ ರೋಗದಿಂದ ಸಾಯಲಿಲ್ಲ. 2021ರಲ್ಲಿ ಗೋವಾವನ್ನು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಿದರು. ಹತ್ತು ನಾಯಿಗಳಲ್ಲಿ ಏಳಕ್ಕೆ ಲಸಿಕೆ ಬಿದ್ದರೆ ರೋಗದ ಸರಪಳಿ ಕಡಿಯುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಗೋವಾದವರು ಅದನ್ನು ಮಾಡಿ ತೋರಿಸಿದರು.

ಕಾನೂನು ಸಹ ಇದೇ ದಿಕ್ಕಿನಲ್ಲಿದೆ. 2001ರ ನಿಯಮಗಳ ಬದಲಿಗೆ ಬಂದ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿ ನಾಯಿಗಳ ಸಂತಾನಹರಣ ಮತ್ತು ಲಸಿಕೆ ಸ್ಥಳೀಯ ಸಂಸ್ಥೆಗಳ ಹೊಣೆ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟು, ಚಿಕಿತ್ಸೆ ಮತ್ತು ಲಸಿಕೆ ಆದ ನಾಯಿಯನ್ನು ಹಿಡಿದ ಜಾಗಕ್ಕೇ ಬಿಡಬೇಕು, ಹುಚ್ಚು ಹಿಡಿದದ್ದನ್ನೂ ಮೇಲೆರಗುವ ಸ್ವಭಾವದ್ದನ್ನೂ ಬಿಡಬಾರದು, ಕಂಡಕಂಡಲ್ಲಿ ಅನ್ನ ಹಾಕದೆ ಗೊತ್ತುಮಾಡಿದ ಜಾಗದಲ್ಲಿ ಹಾಕಬೇಕು ಎಂದಿತು. ಅದೇ ವರ್ಷ ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ತೆರವು ಮಾಡಲು ಆದೇಶಿಸಿತು. ಮಕ್ಕಳೂ ರೋಗಿಗಳೂ ಇರುವ ಜಾಗದಲ್ಲಿ ನಾಯಿ ಹಿಂಡು ಬೇಡವೆಂಬುದನ್ನು ಯಾರೂ ಒಪ್ಪುವಂಥದೇ. ಆದರೆ ಹಿಡಿದ ನಾಯಿಯನ್ನು ಊರಾಚೆ ಬಡವರ ಕಾಲೊನಿಯ ಬದಿಗೆ ಬಿಟ್ಟು ಬಂದರೆ ಅದು ಪರಿಹಾರವಲ್ಲ, ಸಮಸ್ಯೆಯನ್ನು ಬಲವಿಲ್ಲದವರ ಮನೆಬಾಗಿಲಿಗೆ ಸಾಗಿಸಿದಂತೆ.

ಓಣಿಯವರು ಮಾಡಬಹುದಾದದ್ದು

ಸರಕಾರ ಮಾಡಲಿ ಎಂದು ಕೂಡುವ ಮೊದಲು ನಮ್ಮ ಕೈಯಲ್ಲಿರುವುದನ್ನು ನೋಡೋಣ. ನನ್ನ ಸಲಹೆ ಇಷ್ಟೇ: ಓಣಿಯ ನಾಯಿಯನ್ನು "ನಮ್ಮದು" ಎಂದು ಒಪ್ಪಿಕೊಳ್ಳಿ. ಲಸಿಕೆ ಹಾಕಲು ಬಂದ ಸಿಬ್ಬಂದಿಗೆ ಬಲೆ ಬೇಕು, ಓಡಾಟ ಬೇಕು. ದಿನವೂ ರೊಟ್ಟಿ ಹಾಕುವ ಆ ತಾಯಿ ಕರೆದರೆ ನಾಯಿ ಬಾಲ ಆಡಿಸುತ್ತ ಬಂದು ನಿಲ್ಲುತ್ತದೆ. ಅವಳ ಕೈಯಲ್ಲಿರುವ ಈ ಶಕ್ತಿ ಯಾವ ಪುರಸಭೆಯ ಬಳಿಯೂ ಇಲ್ಲ. ಮೂರು ತಿಂಗಳು ತುಂಬಿದ ಮರಿಯಿಂದ ಹಿಡಿದು ಓಣಿಯ ಪ್ರತಿ ನಾಯಿಗೆ ವರ್ಷಕ್ಕೊಮ್ಮೆ ದನದ ದವಾಖಾನೆಯವರಿಂದ ಸೂಜಿ ಹಾಕಿಸಿ, ಕೊರಳಿಗೆ ಒಂದು ಕೆಂಪು ದಾರ ಕಟ್ಟಿ. ದಾರವಿಲ್ಲದ ನಾಯಿ ಹೊಸದಾಗಿ ಬಂದದ್ದು ಎಂದು ಮಕ್ಕಳಿಗೂ ತಿಳಿಯುತ್ತದೆ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಸುಮಾರಿಗೆ ಪಶು ಆಸ್ಪತ್ರೆಗಳಲ್ಲಿ ಲಸಿಕೆ ಶಿಬಿರ ನಡೆಸುವುದುಂಟು, ವಿಚಾರಿಸಿ.

ರೊಟ್ಟಿಯನ್ನು ಮಕ್ಕಳು ಆಡುವಲ್ಲಿ, ಶಾಲೆಯ ಗೇಟಿನ ಬಳಿ ಹಾಕದೆ ಒಂದು ಮೂಲೆಯಲ್ಲಿ ಹಾಕಿ. ಮಾಂಸದ ಅಂಗಡಿಗಳ ಚೂರು, ಮದುವೆ ಮನೆಯ ಎಂಜಲು ಬೀದಿಗೆ ಬೀಳದಂತೆ ನೋಡಿಕೊಳ್ಳಿ, ಹಿಂಡು ಕೂಡುವುದು ಅಲ್ಲೇ. ಯಲ್ಲಮ್ಮನ ಗುಡ್ಡದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಬಂದು ಅಡುಗೆ ಮಾಡಿ ಉಣ್ಣುವ ಭಕ್ತರೂ ಉಳಿದ ಅನ್ನವನ್ನು ಎಲ್ಲೆಂದರಲ್ಲಿ ಚೆಲ್ಲದಿರಲಿ. ಜಾತ್ರೆ ಮುಗಿದು ಜನ ಹೋದ ಮೇಲೆ ಹಸಿದ ನಾಯಿಗಳ ನಡುವೆ ಉಳಿಯುವವರು ಅಲ್ಲಿನ ನಿವಾಸಿಗಳು.

ಮಕ್ಕಳಿಗೆ ನಾಲ್ಕು ಮಾತು ಕಲಿಸಿ. ತಿನ್ನುವ, ಮಲಗಿದ, ಮರಿಗಳಿಗೆ ಹಾಲೂಡುವ ನಾಯಿಯನ್ನು ಮುಟ್ಟಬಾರದು. ನಾಯಿ ಬಂದರೆ ಓಡಬಾರದು, ಕೈ ಕಟ್ಟಿ ಕಂಬದಂತೆ ನಿಲ್ಲಬೇಕು. ಬಿದ್ದರೆ ಮುಖ ಮುಚ್ಚಿ ಮುದುಡಿಕೊಳ್ಳಬೇಕು. ಕಚ್ಚಿದರೆ, ತರಚಿದರೆ ಮನೆಯಲ್ಲಿ ಹೇಳಬೇಕು. ಈ ಕೊನೆಯದು ಮಕ್ಕಳಿಗಿಂತ ದೊಡ್ಡವರಿಗೆ ಸಂಬಂಧಿಸಿದ್ದು. ಹೇಳಿದರೆ ಏಟು ಬೀಳುತ್ತದೆ ಎಂಬ ಮನೆಯಲ್ಲಿ ಮಗು ಹೇಳುವುದಿಲ್ಲ.

ಹುಚ್ಚು ನಾಯಿ ಎಂದರೆ ಯಾವಾಗಲೂ ನಾಲಿಗೆ ಚಾಚಿ ಓಡಾಡುವುದಲ್ಲ. ಸ್ವಭಾವ ಬದಲಾಗಿ, ಕತ್ತಲ ಮೂಲೆ ಸೇರಿ, ಕೆಳದವಡೆ ಜೋತು, ಧ್ವನಿ ಒಡೆದು, ಜೊಲ್ಲು ಸುರಿಸುತ್ತ ಸುಮ್ಮನೆ ಬಿದ್ದಿರುವುದೂ ಅದೇ ರೋಗ. ಗಂಟಲಲ್ಲಿ ಎಲುಬು ಸಿಕ್ಕಿದೆ ಎಂದು ಕನಿಕರದಿಂದ ಅದರ ಬಾಯಿಗೆ ಕೈ ಹಾಕಬೇಡಿ. ಪುರಸಭೆಗೂ ದನದ ದವಾಖಾನೆಗೂ ತಿಳಿಸಿ. ಮನುಷ್ಯರಲ್ಲಿ ಈ ರೋಗ ಕಂಡರೆ ಸರಕಾರಕ್ಕೆ ತಿಳಿಸಲೇಬೇಕೆಂದು ಕರ್ನಾಟಕ 2022ರಲ್ಲಿ ನಿಯಮ ಮಾಡಿದೆ. ನಾಯಿಯಲ್ಲಿ ಕಂಡಾಗಲೇ ತಿಳಿಸಿದರೆ ಮನುಷ್ಯನವರೆಗೆ ಬರುವುದೇ ಇಲ್ಲ.

2030ರೊಳಗೆ ನಾಯಿಯಿಂದ ಬರುವ ರೇಬೀಸನ್ನು ದೇಶದಿಂದ ಕಳೆಯಬೇಕೆಂದು ಕೇಂದ್ರ ಸರಕಾರ 2021ರಲ್ಲಿ ಯೋಜನೆ ಪ್ರಕಟಿಸಿತು. ದಿಲ್ಲಿಯ ಕಾಗದದಿಂದ ಆ ಗುರಿ ಮುಟ್ಟಲಾಗದು. ರಾಮದುರ್ಗದ ನೇಕಾರರ ಓಣಿಯಲ್ಲಿ, ಕಿತ್ತೂರಿನ ಕೋಟೆಯ ಸುತ್ತಲಿನ ಕೇರಿಗಳಲ್ಲಿ, ಸವದತ್ತಿಯ ಗುಡ್ಡದ ಕೆಳಗೆ ಒಂದೊಂದು ನಾಯಿಯ ಕೊರಳಿಗೆ ಒಂದೊಂದು ದಾರ ಬಿದ್ದಾಗ ಮಾತ್ರ ಸಾಧ್ಯ.

ಇಂದು ಸಂಜೆ ಬಾಗಿಲಿಗೆ ಬಂದ ನಾಯಿಗೆ ರೊಟ್ಟಿ ಹಾಕುವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದಕ್ಕೆ ಸೂಜಿ ಆಗಿದೆಯೇ? ಆಗಿಲ್ಲವಾದರೆ ನಾಳೆ ಓಣಿಯ ನಾಲ್ಕು ಜನರನ್ನು ಕರೆದುಕೊಂಡು ದನದ ದವಾಖಾನೆಗೆ ಹೋಗಿ. "ನಾಯಿ ಯಾರದು?" ಎಂದು ಅಲ್ಲಿ ಕೇಳಿದರೆ "ನಮ್ದರಿ" ಎಂದು ಹೇಳಿ. ಆ ಒಂದು ಮಾತಿನಿಂದ ನಾಯಿಯೂ ಉಳಿಯುತ್ತದೆ, ನಿಮ್ಮ ಓಣಿಯ ಮಗುವೂ ಉಳಿಯುತ್ತದೆ.